ಗಾಳ ಎಳೆಯುವ ಮೀನುಗಾರಿಕೆಯಲ್ಲಿ ಯಂತ್ರದೋಣಿಯ ವೇಗ ತಗ್ಗಿಸುವ ಕ್ರಮಗಳು

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕು ಬರಪೀಡಿತ ಪ್ರದೇಶವೆಂದೇ ಹೆಸರಾದುದು. ಹರಿಹರ ತಾಲ್ಲೂಕಿನ ದೀಟೂರು ಬಳಿ ತುಂಗಭದ್ರೆಯಿಂದ ನೀರೆತ್ತಿ ಕೆರೆಗಳಿಗೆ ಹರಿಸುವ ಯೋಜನೆಯು '57 ಕೆರೆ ತುಂಬಿಸುವ ಯೋಜನೆ' ಎಂದು ಇಲ್ಲಿ ಮನೆಮಾತಾಗಿದೆ. ಕೆರೆಯಲ್ಲಿ ನೀರು ನಿಂತರೆ ಕೊಳವೆಬಾವಿಗಳ ಮರುಪೂರಣವಾಗುತ್ತದೆ. ಅದರೊಡನೆ ಮೀನು ಕೃಷಿಯೂ ಉಪಕಸುಬಾಗಿ ಬರುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಹಾಗೂ ನ್ಯಾಮತಿ, ಹೊನ್ನಾಳಿ ಸೀಮೆಯ ತುಂಗಭದ್ರಾ ಪಾತ್ರದಲ್ಲಿ ಮೀನುಗಾರಿಕೆ ಹಿಂದಿನಿಂದಲೂ ಇದೆ. ಈ ನೀರುಗಳಲ್ಲಿ ಯಂತ್ರದೋಣಿಯನ್ನು ಬಳಸಲು ಇಚ್ಛಿಸುವವರು ಮೊದಲು ತಿಳಿಯಬೇಕಾದುದು ದೋಣಿಯನ್ನು ವೇಗವಾಗಿ ಓಡಿಸುವುದನ್ನಲ್ಲ, ನಿಧಾನವಾಗಿ ಓಡಿಸುವುದನ್ನು.

ಚಲಿಸುವ ದೋಣಿಯ ಹಿಂದೆ ಎರೆ ಅಥವಾ ಕೃತಕ ಮೀನು ಕಟ್ಟಿದ ಗಾಳದ ದಾರವನ್ನು ಎಳೆದುಕೊಂಡು ಹೋಗುವ ವಿಧಾನಕ್ಕೆ ಟ್ರೋಲಿಂಗ್ ಎಂದು ಹೆಸರು. ಇದನ್ನು ಟ್ರಾಲ್ ಬಲೆಯ ಮೀನುಗಾರಿಕೆಯೊಡನೆ ಬೆರೆಸಿಕೊಳ್ಳಬಾರದು. ಟ್ರಾಲ್ ಎಂಬುದು ಸಮುದ್ರದಲ್ಲಿ ಚೀಲದಾಕಾರದ ಬಲೆಯನ್ನು ಎಳೆಯುವ ಕ್ರಮ. ಇಲ್ಲಿ ಎಳೆಯುವುದು ಒಂದೋ ಎರಡೋ ಗಾಳಗಳನ್ನು ಮಾತ್ರ.

ಯಾವ ಮೀನಿಗೆ ಈ ವಿಧಾನ?

ಈ ವಿಧಾನಕ್ಕೆ ಸಿಗುವುದು ಬೇಟೆಯಾಡುವ ಮೀನು ಮಾತ್ರ. ನಮ್ಮ ಕೆರೆಗಳಲ್ಲಿ ಬಿತ್ತನೆ ಮಾಡುವ ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ; ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಆಹಾರವನ್ನು ಅರಸುತ್ತವೆ; ಹುಲ್ಲುಗೆಂಡೆ ಜಲಸಸ್ಯಗಳನ್ನು ಮೇಯುತ್ತದೆ. ಇವು ಓಡುವ ಎರೆಯನ್ನು ಬೆನ್ನಟ್ಟುವುದಿಲ್ಲ. ಆದ್ದರಿಂದ ಗೆಂಡೆ ಮೀನಿನ ಫಸಲನ್ನು ಗಾಳ ಎಳೆದು ತೆಗೆಯುತ್ತೇನೆಂದು ದೋಣಿಗೆ ಹಣ ಹೂಡುವುದು ತರವಲ್ಲ. ಆ ಕೆಲಸಕ್ಕೆ ಹರಿಗೋಲು ಮತ್ತು ಬಲೆಯೇ ಸಾಕು.

ಗಾಳಕ್ಕೆ ಬರುವುವು ಬಾಳೆ ಮೀನು, ಕೊರವ ಮೊದಲಾದ ಪರಭಕ್ಷಕ ಮೀನುಗಳು. ಹೊಲದಲ್ಲಿ ಕಳೆ ಹೇಗೋ ಬಿತ್ತನೆ ಮಾಡಿದ ಕೆರೆಯಲ್ಲಿ ಇವು ಹಾಗೆ: ಬಿತ್ತಿದ ಮೀನುಮರಿಗಳನ್ನು ತಿಂದು ಇಳುವರಿಯನ್ನು ಕುಗ್ಗಿಸುತ್ತವೆ. ಆದರೆ ಕಳೆಗಿಲ್ಲದ ಒಂದು ಗುಣ ಇವಕ್ಕಿದೆ. ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ. ಮರಿ ಬಿಡುವ ಮುನ್ನ ದೊಡ್ಡ ಪರಭಕ್ಷಕಗಳನ್ನು ಆಯ್ದು ತೆಗೆಯಲು ಎಳೆಯುವ ಗಾಳವು ನೆರವಾಗುತ್ತದೆ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದಲ್ಲಿ ಅದನ್ನು ಮರಳಿ ನೀರಿಗೆ ಬಿಡಬಾರದು.

ನಿಧಾನವೇಕೆ ಬೇಕು?

ಕರಾವಳಿಯಲ್ಲಿ ಈ ತೊಂದರೆ ಕಡಿಮೆ. ಮಂಗಳೂರಿನವರು ಅಂಜಲ್ ಎಂದೂ ಕಾರವಾರದವರು ಇಸ್ವಣ ಎಂದೂ ಕರೆಯುವ ಮೀನು ಹಾಗೂ ಟ್ಯೂನಾ ಅತಿವೇಗದ ಈಜುಗಾರ ಮೀನುಗಳು. ಅವಕ್ಕೆ ಕೃತಕ ಮೀನನ್ನು ಸಾಮಾನ್ಯವಾಗಿ 4ರಿಂದ 7 ನಾಟ್ ವೇಗದಲ್ಲಿ ಎಳೆಯಲಾಗುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.; ಅಂದರೆ ಗಂಟೆಗೆ ಸುಮಾರು 7ರಿಂದ 13 ಕಿ.ಮೀ. ಈ ವೇಗವನ್ನು ಯಂತ್ರವು ಯಾವ ಆಯಾಸವೂ ಇಲ್ಲದೆ ಕೊಡುತ್ತದೆ.

ಕೆರೆಯ ಮೀನಿಗೆ ಈ ವೇಗ ಬಹಳ ಹೆಚ್ಚಾಯಿತು. ಬಾಳೆ ಮತ್ತು ಕೊರವ ದೂರ ಬೆನ್ನಟ್ಟುವ ಮೀನುಗಳಲ್ಲ, ಹೊಂಚುಹಾಕಿ ಎರಗುವಂಥವು. ನೀರು ಕದಡಿದ್ದರೆ ಎರೆಯನ್ನು ಗುರುತಿಸಲು ಅವಕ್ಕೆ ಇನ್ನಷ್ಟು ಸಮಯ ಬೇಕು. ಈ ಕೆಳಗಿನ ವೇಗಗಳಿಂದ ಪ್ರಾರಂಭಿಸಬಹುದು:

- ಸತ್ತ ಅಥವಾ ಜೀವಂತ ಸಣ್ಣ ಮೀನಿನ ಎರೆ: ಗಂಟೆಗೆ 2ರಿಂದ 3 ಕಿ.ಮೀ.
- ಕೃತಕ ಮೀನು, ತಿರುಗುವ ತಗಡು: ಗಂಟೆಗೆ 3ರಿಂದ 4.5 ಕಿ.ಮೀ.
- ನೀರು ಕದಡಿರುವಾಗ ಅಥವಾ ಚಳಿಗಾಲದ ಬೆಳಗಿನಲ್ಲಿ: ಮೇಲಿನ ಮಿತಿಗಳ ಕೆಳ ಅಂಚು.

ಅಂದರೆ ಮನುಷ್ಯನ ಸಾವಕಾಶ ನಡಿಗೆಯಷ್ಟೇ ವೇಗ. ಹಗುರವಾದ ಫೈಬರ್ ದೋಣಿಗೆ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಯಂತ್ರ ಕೂರಿಸಿದರೆ, ಥ್ರಾಟಲನ್ನು ಪೂರ್ತಿ ತಗ್ಗಿಸಿದರೂ ದೋಣಿ ಇದಕ್ಕಿಂತ ವೇಗವಾಗಿ ಸಾಗಬಹುದು. ಸಮಸ್ಯೆ ಹುಟ್ಟುವುದು ಇಲ್ಲಿ.

ಮೊದಲು ವೇಗವನ್ನು ಅಳೆಯಿರಿ

ಸಿಂಪರಣಾ ಯಂತ್ರಕ್ಕೆ ನಡಿಗೆಯ ವೇಗವನ್ನು ಹೊಂದಿಸದೆ ಔಷಧಿಯ ಪ್ರಮಾಣವನ್ನು ನಿರ್ಧರಿಸಲಾಗದು. ದೋಣಿಗೂ ಈ ನಿಯಮವೇ ಅನ್ವಯ. ಅಂದಾಜಿನ ಮೇಲೆ ನಂಬಿಕೆ ಇಡದಿರಿ, ಏಕೆಂದರೆ ನೀರಿನ ಮೇಲೆ ವೇಗವು ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ.

1. ದಡಕ್ಕೆ ಸಮಾನಾಂತರವಾಗಿ 50 ಮೀ. ಅಂತರದಲ್ಲಿ ಎರಡು ಗೂಟಗಳನ್ನು ನೆಡಿ.
2. ಥ್ರಾಟಲನ್ನು ಒಂದೇ ಸ್ಥಾನದಲ್ಲಿಟ್ಟು, ಮೊದಲ ಗೂಟಕ್ಕೆ ಬರುವ ಮುನ್ನವೇ ದೋಣಿಯ ವೇಗ ಸ್ಥಿರವಾಗುವಂತೆ ನೋಡಿಕೊಳ್ಳಿ.
3. ಎರಡು ಗೂಟಗಳ ನಡುವಿನ ಸಮಯವನ್ನು ಸೆಕೆಂಡುಗಳಲ್ಲಿ ಗುರುತಿಸಿಕೊಳ್ಳಿ.
4. 180ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬಂದ ಭಾಗಲಬ್ಧವೇ ಗಂಟೆಗೆ ಕಿ.ಮೀ. ಲೆಕ್ಕದ ವೇಗ.
5. ಎದುರು ದಿಕ್ಕಿನಲ್ಲಿಯೂ ಹೀಗೆಯೇ ಅಳೆದು ಎರಡು ವೇಗಗಳ ಸರಾಸರಿ ತೆಗೆಯಿರಿ. ಗಾಳಿಯ ಪ್ರಭಾವ ಬಹುಮಟ್ಟಿಗೆ ಇದರಿಂದ ಕಳೆಯುತ್ತದೆ.

ಸಿದ್ಧ ಲೆಕ್ಕ ಹೀಗಿದೆ: 50 ಮೀ. ದೂರಕ್ಕೆ 90 ಸೆಕೆಂಡು ಹಿಡಿದರೆ ಗಂಟೆಗೆ 2 ಕಿ.ಮೀ., 60 ಸೆಕೆಂಡಾದರೆ 3 ಕಿ.ಮೀ., 45 ಸೆಕೆಂಡಾದರೆ 4 ಕಿ.ಮೀ., 36 ಸೆಕೆಂಡಾದರೆ 5 ಕಿ.ಮೀ., 30 ಸೆಕೆಂಡಾದರೆ 6 ಕಿ.ಮೀ.

ಮೊಬೈಲಿನ ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವನ್ನು. ನಿಂತ ನೀರಿನ ಕೆರೆಯಲ್ಲಿ ಅದು ಸರಿಯಾಗಿಯೇ ಇರುತ್ತದೆ. ಹರಿಯುವ ಹೊಳೆಯಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಹೊನ್ನಾಳಿಯ ಬಳಿ ಹೊಳೆಯ ಹರಿವು ಗಂಟೆಗೆ 2 ಕಿ.ಮೀ. ಇದೆಯೆಂದು ಭಾವಿಸಿ. ನೀರಿಗೆ ಹೋಲಿಸಿ 4 ಕಿ.ಮೀ. ವೇಗದ ದೋಣಿಯು ಹರಿವಿಗೆ ಎದುರಾಗಿ ಸಾಗುವಾಗ ಮೊಬೈಲು 2 ಎಂದೂ, ಹರಿವಿನೊಡನೆ ಸಾಗುವಾಗ 6 ಎಂದೂ ತೋರಿಸುತ್ತದೆ. ಗಾಳಕ್ಕೆ ತಟ್ಟುವುದು ನೀರಿನ ವೇಗ. ಎರಡೂ ಸಲ ಅದು 4 ಕಿ.ಮೀ. ಮಾತ್ರ.

ವೇಗ ತಗ್ಗಿಸುವ ವಿಧಾನಗಳು

ಯಂತ್ರದ ಉಸಿರು ಕಟ್ಟಿಸಿ ದೋಣಿಯನ್ನು ನಿಧಾನಗೊಳಿಸಬೇಡಿ. ಯಂತ್ರವು ತನಗೆ ಒಗ್ಗುವ ಕನಿಷ್ಠ ವೇಗದಲ್ಲಿ ತಿರುಗುತ್ತಿರಲಿ. ಅಲ್ಲಿಂದ ಮುಂದಕ್ಕೆ ದೋಣಿಯ ಓಟವನ್ನು ಬೇರೆ ಉಪಾಯದಿಂದ ತಗ್ಗಿಸಿ. ಸುಲಭವಾದುದರಿಂದ ಖರ್ಚಿನದರ ಕಡೆಗೆ ಈ ಉಪಾಯಗಳನ್ನು ಕ್ರಮವಾಗಿ ಕೊಡಲಾಗಿದೆ.

*1. ಗಾಳಿಗೆ ಎದುರಾಗಿ ಸಾಗುವುದು.* ಗಾಳಿಯೇ ಖರ್ಚಿಲ್ಲದ ತಡೆ. ಗಾಳಿಗೆ ಎದುರಾಗಿ ಅಥವಾ ಓರೆಯಾಗಿ ಹಾವಿನ ನಡಿಗೆಯಲ್ಲಿ ಸಾಗಿರಿ. ತಿರುವಿನಲ್ಲಿ ಹೊರಮಗ್ಗುಲಿನ ಗಾಳ ವೇಗ ಪಡೆಯುತ್ತದೆ, ಒಳಮಗ್ಗುಲಿನದು ನಿಧಾನಗೊಂಡು ಆಳಕ್ಕಿಳಿಯುತ್ತದೆ. ಮೀನು ಯಾವ ಗಾಳವನ್ನು ಹಿಡಿಯಿತೆಂಬುದನ್ನು ಗಮನಿಸಿ. ಮತ್ತೆ ಮತ್ತೆ ಒಳಗಾಳಕ್ಕೇ ಬಿದ್ದರೆ ನಿಮ್ಮ ವೇಗ ಹೆಚ್ಚಾಗಿದೆ ಎಂದರ್ಥ; ಹೊರಗಾಳಕ್ಕೆ ಬಿದ್ದರೆ ಸ್ವಲ್ಪ ಹೆಚ್ಚಿಸಬಹುದು. ಆದರೆ ಆಷಾಢದ ಬಿರುಗಾಳಿಯಲ್ಲಿ ಸೂಳೆಕೆರೆಯಂಥ ವಿಶಾಲ ಜಲರಾಶಿಗೆ ಸಣ್ಣ ದೋಣಿಯನ್ನು ಇಳಿಸಲೇಬಾರದು.

*2. ಗೇರು ಹಾಕಿ ತೆಗೆಯುವುದು.* ಕೆಲವು ಸೆಕೆಂಡು ಗೇರಿನಲ್ಲಿ, ಕೆಲವು ಸೆಕೆಂಡು ನ್ಯೂಟ್ರಲ್‌ನಲ್ಲಿ ದೋಣಿಯನ್ನು ತೇಲಿಬಿಡಬಹುದು. ಎರೆಯು ಮುಳುಗಿ ಏಳುವುದರಿಂದ ಮೀನು ಎರಗುವುದೂ ಉಂಟು. ದಿನವಿಡೀ ಹೀಗೆ ಮಾಡಿದರೆ ಗೇರಿನ ಹಲ್ಲು ಸವೆಯುತ್ತದೆ. ಇದು ಕ್ವಚಿತ್ತಾಗಿ ಮಾಡುವ ಉಪಾಯ.

*3. ತಡೆ ಬಕೆಟ್.* ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕ್ರಮವಿದು. ದಪ್ಪ ಪ್ಲಾಸ್ಟಿಕ್ಕಿನ ಎರಡು ಸಮಾನ ಬಕೆಟ್‌ಗಳನ್ನು ತೆಗೆದುಕೊಂಡು, ತಳದಲ್ಲಿ 2-3 ಸೆಂ.ಮೀ. ಅಗಲದ ಐದಾರು ತೂತುಗಳನ್ನು ಕೊರೆಯಿರಿ. ತೂತಿದ್ದರೆ ಬಕೆಟ್ ಅತ್ತಿತ್ತ ಹೊಯ್ದಾಡದೆ ನೇರವಾಗಿ ಬರುತ್ತದೆ, ಮೇಲೆತ್ತುವುದೂ ಸುಲಭ. ಬಾಯಿ ಮುಂದಕ್ಕಿರುವಂತೆ ದೋಣಿಯ ಎರಡೂ ಪಕ್ಕಗಳಲ್ಲಿ ನಡುಭಾಗಕ್ಕಿಂತ ಮುಂದೆ ಹಗ್ಗದಿಂದ ಕಟ್ಟಿರಿ.

ನೀರಿನ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30 ಸೆಂ.ಮೀ. ಬಾಯಿಯ ಒಂದು ಬಕೆಟ್ ಗಂಟೆಗೆ 3.6 ಕಿ.ಮೀ. ವೇಗದಲ್ಲಿ ಸುಮಾರು 4 ಕಿ.ಗ್ರಾಂ ಭಾರದಷ್ಟು ಹಿಂದೆಳೆಯುತ್ತದೆ, ವೇಗವು 7.2 ಕಿ.ಮೀ.ಗೆ ಏರಿದರೆ ಆ ಎಳೆತ ಇಮ್ಮಡಿಯಲ್ಲ, ನಾಲ್ಮಡಿಯಾಗಿ 16-17 ಕಿ.ಗ್ರಾಂ ಮುಟ್ಟುತ್ತದೆ. ಬಕೆಟ್ ನೀರಿನಲ್ಲಿರುವಾಗ ಥ್ರಾಟಲ್ ಏರಿಸಿದರೆ ಹಗ್ಗ ಹರಿಯುವುದು ಅಥವಾ ದೋಣಿ ಓಲುವುದು ಇದರಿಂದಲೇ. ಈ ಮೂರು ನಿಯಮಗಳನ್ನು ತಪ್ಪದೆ ಪಾಲಿಸಿ:

- ಹಗ್ಗವು ಪ್ರೊಪೆಲರಿಗೆ ಒಂದು ಮೀಟರ್ ಮುಂಚೆಯೇ ಮುಗಿಯುವಷ್ಟು ಗಿಡ್ಡವಾಗಿರಲಿ.
- ಎಳೆದೊಡನೆ ಬಿಚ್ಚಿಕೊಳ್ಳುವ ಗಂಟನ್ನೇ ಹಾಕಿರಿ. ಪಕ್ಕದಲ್ಲಿ ಚೂರಿಯೊಂದಿರಲಿ.
- ಒಂದೇ ಪಕ್ಕಕ್ಕೆ ಬಕೆಟ್ ಕಟ್ಟಬೇಡಿ. ದೋಣಿ ಆ ಪಕ್ಕಕ್ಕೇ ತಿರುಗುತ್ತದೆ. ಹಿಂಬದಿಗೂ ಕಟ್ಟಬೇಡಿ, ಯಂತ್ರದ ಭಾರದಿಂದ ಮೊದಲೇ ತಗ್ಗಿರುವ ಆ ಭಾಗದ ಮೇಲೆ ಅಲೆ ನುಗ್ಗುತ್ತದೆ.

*4. ಪ್ರೊಪೆಲರ್ ಬದಲಾವಣೆ.* ಒಂದು ಸುತ್ತಿಗೆ ಪ್ರೊಪೆಲರ್ ಮುಂದೊತ್ತಬೇಕಾದ ದೂರವೇ ಪಿಚ್. ಪಿಚ್ ತಗ್ಗಿದರೆ ಯಂತ್ರದ ಅದೇ ತಿರುಗುವಿಕೆಯಲ್ಲಿ ದೋಣಿ ನಿಧಾನವಾಗುತ್ತದೆ. ಯಂತ್ರವು ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದು, ಗೇರಿನ ಅನುಪಾತ 2.08 ಆಗಿದ್ದರೆ ಪ್ರೊಪೆಲರ್ ಸುಮಾರು 433 ಸುತ್ತು ತಿರುಗುತ್ತದೆ. 9 ಇಂಚು ಪಿಚ್ಚಿಗೆ ಇದು ಗಂಟೆಗೆ 5.9 ಕಿ.ಮೀ.; ನೀರಿನಲ್ಲಿ ಜಾರುವುದಕ್ಕೆ ಶೇ. 30 ಕಳೆದರೆ ಸುಮಾರು 4.1 ಕಿ.ಮೀ. ಪಿಚ್ 7 ಇಂಚಾದರೆ ಅದೇ ಲೆಕ್ಕದಲ್ಲಿ 3.2 ಕಿ.ಮೀ. ಇಷ್ಟೇ ಬದಲಾವಣೆಯಿಂದ ದೋಣಿ ಬೇಕಾದ ಮಿತಿಗೆ ಬಂದಿತು. ಆದರೆ ಕಡಿಮೆ ಪಿಚ್ಚಿನಲ್ಲಿ ಥ್ರಾಟಲ್ ಪೂರ್ತಿ ಕೊಟ್ಟರೆ ಯಂತ್ರವು ಮಿತಿಮೀರಿ ತಿರುಗುತ್ತದೆ. ತಯಾರಕರು ಸೂಚಿಸಿದ ಗರಿಷ್ಠ ತಿರುಗುವಿಕೆಯನ್ನು ದಾಟದ ಪ್ರೊಪೆಲರನ್ನೇ ಆಯ್ದುಕೊಳ್ಳಿ.

*5. ತಡೆ ತಗಡು.* ಪ್ರೊಪೆಲರಿನ ಹಿಂದೆ ಕೀಲಿನ ಮೇಲೆ ಇಳಿಬಿಡುವ ಲೋಹದ ತಗಡು ನೀರಿನ ಧಾರೆಯನ್ನು ತಡೆದು ದೋಣಿಯನ್ನು ನಿಧಾನಗೊಳಿಸುತ್ತದೆ. ವೇಗ ಹೆಚ್ಚಿಸುವ ಮುನ್ನ ಇದನ್ನು ಎತ್ತಲು ಮರೆತರೆ ತಗಡು ಬಾಗುವುದಲ್ಲದೆ ಯಂತ್ರದ ಕಾಲಿಗೂ ಪೆಟ್ಟಾಗುತ್ತದೆ. ಸಮುದ್ರದ ದೊಡ್ಡ ಒಳಯಂತ್ರದ ದೋಣಿಗಳಿಗೆ ಗೇರುಪೆಟ್ಟಿಗೆಯಲ್ಲಿ ಟ್ರೋಲಿಂಗ್ ವಾಲ್ವ್ ಕೂರಿಸುವ ಕ್ರಮವಿದೆ. ಕೆರೆಯ ದೋಣಿಗೆ ಅದರ ಅಗತ್ಯವಿಲ್ಲ.

*6. ಬ್ಯಾಟರಿ ಮೋಟಾರು.* ಕೆರೆಗೆ ಹೆಚ್ಚು ಒಪ್ಪುವ ಸಾಧನವಿದು. ದೋಣಿ, ಜನ ಮತ್ತು ಸಾಮಗ್ರಿಗಳ ಒಟ್ಟು ತೂಕದ ಶೇ. 2ರಷ್ಟು ತಳ್ಳುಬಲವಿದ್ದರೆ ನಿಂತ ನೀರಿಗೆ ಸಾಕು; 500 ಕಿ.ಗ್ರಾಂ ತೂಕಕ್ಕೆ 10 ಕಿ.ಗ್ರಾಂ. ಗಾಳಿಯ ದಿನಗಳಿಗೆಂದು ಇನ್ನೂ ಅರ್ಧದಷ್ಟು ಸೇರಿಸಿಕೊಳ್ಳಿ. ಮೋಟಾರು 25 ಆಂಪಿಯರ್ ಎಳೆಯುವಾಗ, 100 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧವನ್ನು ಮಾತ್ರ ಬಳಸಿದರೆ 2 ಗಂಟೆ ಕಾಲ ನಡೆಯುತ್ತದೆ. ವಾಹನ ಚಾಲೂ ಮಾಡುವ ಬ್ಯಾಟರಿ ಇದಕ್ಕೆ ಬಾಳುವುದಿಲ್ಲ. ಇನ್ವರ್ಟರಿಗೆ ಬಳಸುವ ಟ್ಯೂಬುಲರ್ ಬ್ಯಾಟರಿ ಸೂಕ್ತ. ಅದನ್ನು ದೋಣಿಯ ನಡುವೆ, ತಳದಲ್ಲಿ, ಅಲುಗಾಡದಂತೆ ಬಿಗಿಯಿರಿ. ಮರಳಿ ದಡ ಸೇರಲು ಹುಟ್ಟು ಜೊತೆಗಿರಲಿ.

ಹರಿಗೋಲಿಗೆ ಯಾವ ಮೋಟಾರನ್ನೂ ಕೂರಿಸಬಾರದು. ದುಂಡನೆಯ ತಳವು ದಿಕ್ಕು ಹಿಡಿಯದೆ ಸುತ್ತುತ್ತದೆ; ಒಂದೇ ಅಂಚಿನ ಭಾರಕ್ಕೆ ಮಗುಚುವ ಅಪಾಯವಿದೆ.

ಯಂತ್ರದ ಪಾಲನೆ

ಬಹುಕಾಲ ಐಡ್ಲಿಂಗ್‌ನಲ್ಲೇ ಓಡುವ ಯಂತ್ರದಲ್ಲಿ ಇಂಧನ ಪೂರ್ತಿ ಉರಿಯದೆ ಸ್ಪಾರ್ಕ್ ಪ್ಲಗ್ ಮೇಲೆ ಮಸಿ ಕೂರುತ್ತದೆ. ಇಂಧನದೊಡನೆ ಎಣ್ಣೆ ಬೆರೆಸುವ ಎರಡು ಸ್ಟ್ರೋಕ್ ಯಂತ್ರದಲ್ಲಿ ಇದು ಇನ್ನೂ ಬೇಗ. ಸೀಮೆಎಣ್ಣೆಯ ಯಂತ್ರವನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಬಳಿಕ ಸೀಮೆಎಣ್ಣೆಗೆ ತಿರುಗಿಸುವುದು ವಾಡಿಕೆ. ನಿಧಾನಗತಿಯಲ್ಲಿ ಯಂತ್ರದ ಬಿಸಿ ಇಳಿದು ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ; ಆದ್ದರಿಂದ ಗಾಳ ಎಳೆಯುವಾಗ ಪೆಟ್ರೋಲಿನಲ್ಲೇ ಓಡಿಸುವುದು ಲೇಸು. ಪ್ರತಿ ಅರ್ಧ ಗಂಟೆಗೊಮ್ಮೆ ಗಾಳ, ಬಕೆಟ್‌ಗಳನ್ನು ಮೇಲೆತ್ತಿ ಒಂದೆರಡು ನಿಮಿಷ ವೇಗವಾಗಿ ಓಡಿಸಿ. ತಂಪುನೀರಿನ ಧಾರೆ ಹೊರಬೀಳುತ್ತಿದೆಯೇ ಎಂಬುದನ್ನು ಆಗಾಗ ನೋಡಿ. ಪಾಚಿ ಅಥವಾ ಕೆಸರು ಸಿಕ್ಕಿಕೊಂಡು ಧಾರೆ ನಿಂತರೆ ಯಂತ್ರವನ್ನು ಒಡನೆಯೇ ಆರಿಸಿ.

ಹೊಸದಾಗಿ ತುಂಬಿದ ಕೆರೆಗಳಲ್ಲಿ ವಿಶೇಷ ಎಚ್ಚರಿಕೆ

ವರ್ಷಗಟ್ಟಲೆ ಬತ್ತಿದ್ದ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯುತ್ತದೆ. ಹೂಳು ತೆಗೆದ ಗುಂಡಿಗಳು, ಹಳೆಯ ಬದುಗಳು ಇರುತ್ತವೆ. ನೀರು ತುಂಬಿದ ಮೇಲೆ ಇವು ಕಣ್ಣಿಗೆ ಕಾಣುವುದಿಲ್ಲ. ಪ್ರೊಪೆಲರ್ ಬೊಡ್ಡೆಗೆ ಬಡಿದರೆ ಅದರ ಪಿನ್ನು ಮುರಿಯುತ್ತದೆ. ಗಾಳ ಕೊಂಬೆಗೆ ಸಿಕ್ಕಿ ದಾರ ಹರಿಯುತ್ತದೆ. ನೀರಿಲ್ಲದಾಗ ಕೆರೆಯಂಗಳವನ್ನು ಕಂಡ ಹಿರಿಯರನ್ನು ಕೇಳಿ ಜಾಲಿಯ ತಾಣಗಳನ್ನು ಗುರುತು ಮಾಡಿಕೊಳ್ಳಿ, ಅಲ್ಲಿ ಖಾಲಿ ಡಬ್ಬಿಗಳನ್ನು ತೇಲುಗುರುತಾಗಿ ಕಟ್ಟಿರಿ. ನಿಧಾನಗತಿಯಲ್ಲಿ ಗಾಳ ಹೆಚ್ಚು ಆಳಕ್ಕಿಳಿಯುವುದರಿಂದ ಆಳ ಕಡಿಮೆಯಿರುವಲ್ಲಿ ದಾರವನ್ನು ಗಿಡ್ಡಮಾಡಿ. ಜೊಂಡು, ಪಾಚಿಗಳ ಅಂಚಿನಲ್ಲಿ ಕೊರವ ಇರುವುದು ನಿಜ. ಅಲ್ಲಿ ಗಾಳ ಎಳೆಯುವುದಕ್ಕಿಂತ ಯಂತ್ರ ಆರಿಸಿ ಗಾಳ ಎಸೆಯುವುದೇ ಮೇಲು.

ಕೆರೆಯ ನೀರು ಮೀನಿಗಷ್ಟೇ ಅಲ್ಲ, ದನಕರುಗಳಿಗೂ ಸುತ್ತಲಿನ ಕೊಳವೆಬಾವಿಗಳಿಗೂ ಆಧಾರ. ನೂರಾರು ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ, ನದಿಯಿಂದ ಎತ್ತಿ ತಂದ ನೀರಿನ ಮೇಲೆ ಎಣ್ಣೆಯ ಪದರ ಹರಡುವುದು ಸಲ್ಲದು. ಕುಡಿಯುವ ನೀರು ಪೂರೈಸುವ ಕೆರೆಗೆ ಇಂಧನದ ಯಂತ್ರವನ್ನು ಇಳಿಸಬೇಡಿ. ಉಳಿದ ಕಡೆಯೂ ಇಂಧನವನ್ನು ದಡದಿಂದ ದೂರದಲ್ಲೇ ತುಂಬಿರಿ.

ಅನುಮತಿ ಮತ್ತು ಸುರಕ್ಷತೆ

- ಕೆರೆಯ ಮೀನಿನ ಹಕ್ಕು ಗುತ್ತಿಗೆ ಪಡೆದ ಸಹಕಾರ ಸಂಘಕ್ಕೋ ವ್ಯಕ್ತಿಗೋ ಸೇರಿರುತ್ತದೆ. ಅವರ ಒಪ್ಪಿಗೆ ಹಾಗೂ ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ದೋಣಿ ಇಳಿಸಬೇಡಿ.
- ಅಡ್ಡಲಾಗಿ ಬಿಟ್ಟ ಬಲೆಗಳು ಪ್ರೊಪೆಲರಿಗೆ ಸಿಕ್ಕಿದರೆ ಬಲೆಯವರಿಗೂ ನಿಮಗೂ ನಷ್ಟ. ಬಲೆ ಬಿಡುವ ಜಾಗ, ಹೊತ್ತುಗಳನ್ನು ಮೊದಲೇ ಕೇಳಿ ತಿಳಿಯಿರಿ.
- ಗೆಂಡೆ ಮೀನುಗಳು ಮುಂಗಾರಿನಲ್ಲಿ ಹೊಸನೀರಿಗೆದುರಾಗಿ ಏರಿ ಮೊಟ್ಟೆಯಿಡುತ್ತವೆ. ಆ ಕಾಲದಲ್ಲಿ ಕೋಡಿ, ಹಳ್ಳದ ಬಾಯಿಗಳ ಬಳಿ ದೋಣಿ ಓಡಿಸಬೇಡಿ.
- ತುಂಗಾ ನದಿಯ ಶೃಂಗೇರಿ ಹಾಗೂ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮಗಳಲ್ಲಿ ಮೀನು ಹಿಡಿಯುವುದು ನಿಷಿದ್ಧ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೂ 10 ಅಶ್ವಶಕ್ತಿ ಮೀರಿದ ಯಂತ್ರದ ದೋಣಿಗಳಿಗೂ ನಿಷೇಧವಿರುತ್ತದೆ.
- ಒಬ್ಬರೇ ಹೋಗಬೇಡಿ. ಒಬ್ಬರು ದೋಣಿ ನಡೆಸಲಿ, ಇನ್ನೊಬ್ಬರು ಗಾಳ ನೋಡಲಿ. ಇಬ್ಬರೂ ಜೀವರಕ್ಷಕ ಜಾಕೆಟ್ ತೊಟ್ಟಿರಲಿ. ಯಂತ್ರ ಆರಿಸುವ ಸುರಕ್ಷತಾ ದಾರವನ್ನು ನಡೆಸುವವರು ಕೈಗೆ ಕಟ್ಟಿಕೊಂಡಿರಲಿ. ಆಯತಪ್ಪಿ ನೀರಿಗೆ ಬಿದ್ದಾಗ ಯಂತ್ರ ತಾನೇ ನಿಲ್ಲುತ್ತದೆ.
- ಮೀನು ಬಿದ್ದೊಡನೆ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಮೀನನ್ನು ದೋಣಿಯ ಪಕ್ಕಕ್ಕೆ ಎಳೆದುಕೊಳ್ಳಿ, ಪ್ರೊಪೆಲರಿನ ಬಳಿಗಲ್ಲ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

*ಯಂತ್ರ ಆಗಾಗ ನಿಂತುಹೋಗುತ್ತದೆ.* ಐಡ್ಲಿಂಗ್ ತೀರ ತಗ್ಗಿಸಲಾಗಿದೆ ಅಥವಾ ಪ್ಲಗ್ ಮಸಿ ಹಿಡಿದಿದೆ. ಪ್ಲಗ್ ಶುಚಿಮಾಡಿ, ಐಡ್ಲಿಂಗನ್ನು ತಯಾರಕರ ಸೂಚನೆಯ ಮಟ್ಟಕ್ಕೆ ತನ್ನಿ, ಹೆಚ್ಚಾದ ವೇಗವನ್ನು ಬಕೆಟ್‌ಗಳಿಂದ ತಗ್ಗಿಸಿ.

*ಕೃತಕ ಮೀನು ಮೇಲೆ ತೇಲಿ ಗಿರಗಿರನೆ ಸುತ್ತುತ್ತದೆ.* ವೇಗ ಹೆಚ್ಚಾಗಿದೆ. 50 ಮೀ. ದೂರಕ್ಕೆ 40 ಸೆಕೆಂಡಿಗಿಂತ ಕಡಿಮೆ ಹಿಡಿಯುತ್ತಿದ್ದರೆ ಇನ್ನಷ್ಟು ನಿಧಾನಿಸಿ.

*ಗಾಳ ಪದೇಪದೇ ತಳಕ್ಕೆ ಸಿಕ್ಕುತ್ತದೆ.* ವೇಗ ಕಡಿಮೆಯಾಗಿದೆ ಅಥವಾ ದಾರ ಉದ್ದವಾಗಿದೆ. ಮೊದಲು ದಾರವನ್ನು 20 ಮೀ.ಗೆ ಗಿಡ್ಡಮಾಡಿ ನೋಡಿ.

*ಎರಡು ದಾರಗಳು ಹೆಣೆದುಕೊಳ್ಳುತ್ತವೆ.* ತಿರುವು ಕಡಿದಾಗಿದೆ. ವಿಶಾಲವಾಗಿ ತಿರುಗಿಸಿ; ಒಂದು ದಾರ 20 ಮೀ., ಇನ್ನೊಂದು 30 ಮೀ. ಇರಲಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಸಂಘಗಳಿಗೆ ದೋಣಿ ಕೊಳ್ಳಲು ಸಲಹೆ ನೀಡುವ ಮುನ್ನ ಮೂರು ಸಂಗತಿಗಳನ್ನು ಪರಿಶೀಲಿಸಿ: ಬೇಸಿಗೆಯಲ್ಲಿ ಆ ಕೆರೆಯಲ್ಲಿ ಉಳಿಯುವ ನೀರಿನ ಆಳ, ಬಲೆಗೆ ಬೀಳುತ್ತಿರುವ ಪರಭಕ್ಷಕ ಮೀನುಗಳ ಪ್ರಮಾಣ, ಹಾಗೂ ನೀರಿನ ಇತರ ಬಳಕೆ. ಮೂರೂ ಅನುಕೂಲವಾಗಿದ್ದರೆ ಮಾತ್ರ ಎಳೆಯುವ ಗಾಳವನ್ನು ಶಿಫಾರಸು ಮಾಡಿ. ಪ್ರಾತ್ಯಕ್ಷಿಕೆಯನ್ನು 50 ಮೀಟರ್ ಗೂಟಗಳ ಅಳತೆಯಿಂದಲೇ ಆರಂಭಿಸಿ. ಬಕೆಟ್ ಇಲ್ಲದೆ ಒಮ್ಮೆ, ಬಕೆಟ್ ಸಹಿತ ಒಮ್ಮೆ ಸಮಯ ಹಿಡಿದು ತೋರಿಸಿದರೆ ಉಳಿದುದನ್ನು ರೈತರು ತಾವೇ ಗ್ರಹಿಸುತ್ತಾರೆ. ಬಿತ್ತನೆ ಮೀನುಮರಿಗಳ ಆಯ್ಕೆ, ಪರವಾನಗಿ ಮತ್ತು ಗುತ್ತಿಗೆಯ ನಿಯಮಗಳಿಗಾಗಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು, ತರಬೇತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.